ಕಾಗದದಲ್ಲಿಲ್ಲದ ಅಷ್ಟಮಿ

ಸೋಮವಾರ ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹೊನ್ನಾವರ ಸ್ಟ್ಯಾಂಡಿಗೆ ಬಂದು ನಿಂತ ಕೂಡಲೇ ಡ್ರೈವರು ಕಿಟಕಿಯಿಂದ ಒಂದು ಕಾಗದದ ಸುರುಳಿ ಚಾಚಿ, "ತಗೊಳ್ರಿ ತಿಮ್ಮಪ್ಪಾರ, ನಿಮ್ಮ ಜಾತಕ ಬಂತು" ಎಂದು ನಗುವುದು ವಾಡಿಕೆಯಾಗಿತ್ತು. ಮೊದಮೊದಲು ತಿಮ್ಮಪ್ಪನೂ ನಗುತ್ತಿದ್ದ. ಈಗ ಸುರುಳಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಕರ್ಕಿಯ ಕಡೆಗೆ ಪೆಡಲು ತುಳಿಯಲು ಶುರುಮಾಡುತ್ತಿದ್ದ. ಮಂಡಿ ನೋವು. ಐವತ್ತಾರು ದಾಟಿದ ಮಂಡಿಗೆ ಮೂರು ಮೈಲಿ ಸೈಕಲ್ಲೂ ಒಂದು ಕೆಲಸವೇ.

ಅವನು ಒಂದು ಕಂತ್ರಾಟು ಕಂಪನಿಯಲ್ಲಿ ಹಾಜರಿ ಗುಮಾಸ್ತ. ಕಂಪನಿಗೆ ಆಗ ಕರಾವಳಿಯಲ್ಲಿ ಮೂರು ಕೆಲಸಗಳಿದ್ದವು. ಹೊನ್ನಾವರದ ಕರ್ಕಿ ಬದಿಯಲ್ಲಿ ಉಪ್ಪುನೀರು ಗದ್ದೆಗೆ ನುಗ್ಗದಂತೆ ಹೊಳೆದಂಡೆಗೆ ಹೊಸ ಕಟ್ಟೆ. ಕುಮಟಾದಲ್ಲಿ ಅಂಥದೇ ಹಳೆಯ ಕಟ್ಟೆಯ ದುರಸ್ತಿ. ಭಟ್ಕಳ ಬಂದರದಲ್ಲಿ ಮೀನು ಇಳಿಸುವ ಜಟ್ಟಿ. ಮೂರು ಕೆಲಸಕ್ಕೂ ಸೇರಿ ಕಲ್ಲು ಹೊರುವ ದೋಣಿ ಹದಿನಾಲ್ಕು, ಪಂಪು ಎರಡು, ಹಾಜರಿ ಗುಮಾಸ್ತರು ಮೂವರು. ಯಾವ ದೋಣಿ ಯಾವಾಗ ಎಲ್ಲಿರಬೇಕು ಎಂಬುದನ್ನು ಮೊದಲೆಲ್ಲ ಮೂವರು ಗುಮಾಸ್ತರು ಚಹಾದಂಗಡಿಯಲ್ಲಿ ಕುಳಿತು ಜಗಳಾಡಿ ತೀರ್ಮಾನಿಸುತ್ತಿದ್ದರು. ಎಂಬತ್ತಾರರಲ್ಲಿ ಹುಬ್ಬಳ್ಳಿ ಆಫೀಸಿಗೆ ಕಂಪ್ಯೂಟರು ಬಂತು. ಅದರಲ್ಲಿ ಕೆಲಸಗಳನ್ನೂ ಜನರನ್ನೂ ದಿನಗಳನ್ನೂ ಹೊಂದಿಸಿಕೊಡುವ ಒಂದು ಪ್ರೋಗ್ರಾಮು ಇತ್ತಂತೆ. ಅಂದಿನಿಂದ ಜಗಳ ನಿಂತಿತು. ಸೈಟಿನಿಂದ ಶನಿವಾರ ಫಾರಮು ತುಂಬಿ ಕಳಿಸುವುದು, ಸೋಮವಾರ ಎರಡೂ ಅಂಚಿಗೆ ತೂತುಗಳಿರುವ, ತೆಳುಹಸಿರು ಪಟ್ಟೆಯ ಆ ಅಗಲ ಕಾಗದ ವಾಪಸು ಬರುವುದು. ಅದರಲ್ಲಿದ್ದ ಹಾಗೆ ನಡೆಯುವುದು.

ತಿಮ್ಮಪ್ಪನಿಗೆ ಯಂತ್ರದ ಮೇಲೆ ಸಿಟ್ಟೇನೂ ಇರಲಿಲ್ಲ. ಅದು ಸುಳ್ಳು ಹೇಳುತ್ತಿರಲಿಲ್ಲ. ಪಂಪು ಒಂದೇ ದಿನ ಎರಡು ಕಡೆ ಇರಲಾರದು ಎಂಬುದು ಅದಕ್ಕೆ ಗೊತ್ತಿತ್ತು. ಈ ವಿಷಯ ಹಿಂದಿನ ಮ್ಯಾನೇಜರಿಗೆ ಕೊನೆಯವರೆಗೂ ಗೊತ್ತಾಗಿರಲಿಲ್ಲ.

ಮೇ ತಿಂಗಳ ಮೊದಲ ಸೋಮವಾರ, ನಾಲ್ಕನೇ ತಾರೀಕು ಬಂದ ಕಾಗದವನ್ನು ಅವನು ಸೈಟಿನ ಶೆಡ್ಡಿನಲ್ಲಿ ಹಾಸಿಗೆಯ ಮೇಲೆ ಬಿಡಿಸಿಕೊಂಡು ಓದಿದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ ಇಂಗ್ಲಿಷು. ತಾರೀಕು, ಅಂಕಿ, ಹೆಸರುಗಳಿಗೆ ಸಾಕಿತ್ತು. ಮೂರನೆಯ ಹಾಳೆಯ ಕೆಳಗೆ ಹೀಗಿತ್ತು: ಭಟ್ಕಳ, ಹಾಜರಿ ಗುಮಾಸ್ತ, ತಿಮ್ಮಪ್ಪ, ಮೇ ಹದಿನೆಂಟರಿಂದ.

ಅವನು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. ಅದೇ ಇತ್ತು.

ಭಟ್ಕಳ ಬಂದರದಿಂದ ಅವನ ಮನೆಯಿರುವ ಮುಟ್ಟಳ್ಳಿಗೆ ಸೈಕಲ್ಲಿನಲ್ಲಿ ಅರ್ಧ ಗಂಟೆ. ಇಪ್ಪತ್ತೆರಡು ವರ್ಷ ಕಂಪನಿಯಲ್ಲಿ ದುಡಿದು, ಕಾಳಿ ಕಡೆ, ಗಂಗಾವಳಿ ಕಡೆ, ಈಗ ನಾಲ್ಕು ವರ್ಷದಿಂದ ಈ ಶೆಡ್ಡು. ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ಒಂದು ರಾತ್ರಿ ಮಲಗಿ ಬರುವ ಬಾಳು. ಕಂಪನಿಯಲ್ಲಿ ಐವತ್ತೆಂಟಕ್ಕೆ ನಿವೃತ್ತಿ. ಜಟ್ಟಿಯ ಕೆಲಸ ಈಗ ಶುರುವಾಗುವುದು, ಎರಡು ವರ್ಷದ್ದು. ಈಗ ಭಟ್ಕಳಕ್ಕೆ ಹೋಗಿ ಕುಳಿತರೆ ಕೊನೆಯ ಎರಡು ವರ್ಷ ದಿನಾ ಸಂಜೆ ಮನೆಯಲ್ಲಿ ಬಿಸಿ ಗಂಜಿ. ಈಗ ಹೋಗದಿದ್ದರೆ ಇನ್ನು ಭಟ್ಕಳವೇ ಇಲ್ಲ. ಈ ಲೆಕ್ಕ ಅವನಿಗೂ ಗೊತ್ತಿತ್ತು, ಹೆಂಡತಿ ಮಾದೇವಿಗೂ ಗೊತ್ತಿತ್ತು.

ಸಂತೋಷದಲ್ಲಿ ಅವನು ಹದಿನೆಂಟಕ್ಕೆ ಬರುತ್ತೇನೆಂದು ಮನೆಗೆ ಒಂದು ಕಾರ್ಡು ಬರೆದು ಪೇಟೆಗೆ ಹೊರಟವರ ಕೈಯಲ್ಲಿ ಕೊಟ್ಟು, ಕಾಗದವನ್ನು ಮತ್ತೆ ಮೇಲಿನಿಂದ ಓದುತ್ತ ಬಂದ. ಎರಡನೆಯ ಹಾಳೆಯಲ್ಲಿ ಕಣ್ಣು ನಿಂತಿತು. ಹೊನ್ನಾವರ, ಕಟ್ಟೆಯ ಬಾಯಿ ಕಟ್ಟುವುದು, ಮೇ ಹದಿಮೂರು, ಬುಧವಾರ.

ಗೋಡೆಗೆ ನೇತುಹಾಕಿದ ಕ್ಯಾಲೆಂಡರನ್ನು ನೋಡಬೇಕಾಗಿಯೇ ಇರಲಿಲ್ಲ. ಆದರೂ ಎದ್ದು ನೋಡಿದ. ಹದಿಮೂರಕ್ಕೆ ಹುಣ್ಣಿಮೆ.

ಹೊಳೆಯ ಬದಿಗೆ ಕಟ್ಟೆ ಕಟ್ಟುವಾಗ ಎರಡೂ ಕಡೆಯಿಂದ ಮಣ್ಣು ಕಲ್ಲು ಹಾಕುತ್ತ ಬಂದು ಕಡೆಗೆ ನಡುವೆ ಒಂದು ಕಂಡಿ ಉಳಿಸುತ್ತಾರೆ. ಅದಕ್ಕೇ ಬಾಯಿ ಎನ್ನುವುದು. ಇಲ್ಲಿ ನಲವತ್ತು ಅಡಿ ಉಳಿದಿತ್ತು. ದಿನಕ್ಕೆರಡು ಸಲ ಭರತದ ನೀರು ಅಷ್ಟೂ ಅದರೊಳಗಿಂದಲೇ ಗದ್ದೆಗೆ ನುಗ್ಗಬೇಕು, ಇಳಿತದಲ್ಲಿ ಅಷ್ಟೂ ಅದರೊಳಗಿಂದಲೇ ಹೊರಗೆ ಹೋಗಬೇಕು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಆ ನೀರಿಗೆ ಆನೆಯ ಬಲ. ಅಷ್ಟಮಿ ಕಳೆದು ನವಮಿ ದಶಮಿಯ ಹೊತ್ತಿಗೆ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ನಡುಮಧ್ಯಾಹ್ನ ಸ್ವಲ್ಪ ಹೊತ್ತು ನೀರು ನಿಂತಂತೆಯೇ ಇರುತ್ತದೆ. ಬಾಯಿ ಕಟ್ಟುವುದು ಆಗಲೇ. ಈ ದಂಡೆಯಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು.

ಗೊತ್ತಿದ್ದದ್ದೇ ತಪ್ಪಾಗಿತ್ತು. ಜನವರಿಯಲ್ಲಿ ಆ ಫಾರಮು ತುಂಬಿದವನು ತಿಮ್ಮಪ್ಪನೇ. ಕೆಲಸ ಯಾವುದು? ಬಾಯಿ ಕಟ್ಟುವುದು. ಎಷ್ಟು ದಿನ? ಒಂದು. ಎಷ್ಟು ಜನ? ನೂರಿಪ್ಪತ್ತು. ಏನೇನು ಬೇಕು? ದೋಣಿ ಹದಿನಾಲ್ಕು, ಮರಳು ಚೀಲ ನಾಲ್ಕು ಸಾವಿರ, ಬಿದಿರಿನ ತಟ್ಟಿ, ಕಲ್ಲು. ಯಾವುದು ಮುಗಿದ ಮೇಲೆ? ಕಲ್ಲು ಬಂದ ಮೇಲೆ. ಅಷ್ಟಮಿಯ ಮಾತು ಬರೆಯಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಅನ್ನ ಮಾಡಲು ಏನೇನು ಬೇಕು ಎಂದು ಕೇಳಿದರೆ ಯಾರೂ ಒಲೆಗೆ ಬೆಂಕಿ ಎಂದು ಬರೆಯುವುದಿಲ್ಲ. ಫಾರಮಿನಲ್ಲಿ ಅದಕ್ಕೆ ಕಾಲಮೂ ಇರಲಿಲ್ಲ. ಕಲ್ಲು ಹನ್ನೆರಡಕ್ಕೆ ಬಂದು ಮುಟ್ಟುವುದಿತ್ತು. ಯಂತ್ರ ಮಾರನೆಯ ದಿನಕ್ಕೇ ಬಾಯಿ ಕಟ್ಟುವುದನ್ನು ಇಟ್ಟು, ಹದಿನಾರಕ್ಕೆ ದೋಣಿಗಳನ್ನು ಕುಮಟಾಕ್ಕೆ ಕಳಿಸಿ, ಹದಿನೆಂಟಕ್ಕೆ ತಿಮ್ಮಪ್ಪನನ್ನು ಭಟ್ಕಳಕ್ಕೆ ಕಳಿಸಿತ್ತು. ಅದರ ಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು.

ತಿಮ್ಮಪ್ಪ ಕಾಗದ ಸುತ್ತಿಟ್ಟ. ಯಾರಿಗೂ ಏನೂ ಹೇಳಲಿಲ್ಲ.

ಮಂಗಳವಾರವೂ ಹೇಳಲಿಲ್ಲ, ಬುಧವಾರವೂ ಹೇಳಲಿಲ್ಲ. ಹಾಜರಿ ಹಾಕಿದ, ಚೀಲ ಎಣಿಸಿದ. ಇಂಜಿನಿಯರ್ ಸಾಹೇಬರು ಬಯಲುಸೀಮೆಯವರು. ವಯಸ್ಸು ಇಪ್ಪತ್ತಾರು, ಕೆಲಸಕ್ಕೆ ಬಂದು ಆರು ತಿಂಗಳು. ಮೈಗಳ್ಳರಲ್ಲ, ಮಾತಿನಲ್ಲಿ ಒರಟರೂ ಅಲ್ಲ, ಆದರೆ ಕಾಗದದಲ್ಲಿದ್ದ ತಾರೀಕು ಒಂದು ದಿನ ತಪ್ಪಿದರೂ ಹುಬ್ಬಳ್ಳಿಯಿಂದ ತಮಗೆ ಬೈಗುಳ ಬರುತ್ತದೆ ಎಂಬ ಹೆದರಿಕೆಯಲ್ಲೇ ಅವರಿಗೆ ಬೆಳಗಾಗುತ್ತಿತ್ತು. ಹದಿಮೂರಕ್ಕೆ ಬಾಯಿ ಕಟ್ಟಿದರೆ ಸಂಜೆಯೊಳಗೆ ಅದು ಕಿತ್ತುಹೋಗುತ್ತದೆ. ಹೋದರೆ ಬೈಸಿಕೊಳ್ಳುವವರು ಸಾಹೇಬರು. ತಿಮ್ಮಪ್ಪ ಹದಿನೆಂಟಕ್ಕೆ ಭಟ್ಕಳದವನು, ಕಾಗದದಲ್ಲೇ ಇದೆ. ಹೀಗೆಲ್ಲ ಯೋಚಿಸಿ ಅವನು ಮಲಗುತ್ತಿದ್ದ. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಗುರುವಾರ ಸುಬ್ಬಿ ಬಂದಳು. ಅವಳು ಹೊಳೆಯಲ್ಲಿ ಬಳಚು ಆರಿಸುವ ಹೆಂಗಸರ ಮುಂದಾಳು. ಇಳಿತದಲ್ಲಿ ಸೊಂಟದ ನೀರಿಗೆ ಇಳಿದು ಕಾಲಿನಲ್ಲೇ ತಡಕಿ ಚಿಪ್ಪು ತೆಗೆಯುವವರು; ನೀರಿನಲ್ಲಿ ನಿಂತು ಚೀಲ ಜೋಡಿಸಲು ಅವರಷ್ಟು ಗಟ್ಟಿ ಜನ ಬೇರೆ ಇಲ್ಲ. ಬಾಯಿ ಕಟ್ಟುವ ದಿನ ಅವಳ ನಲವತ್ತು ಹೆಂಗಸರೇ ನಡುವೆ ನಿಲ್ಲುವವರು.

"ತಿಮ್ಮಣ್ಣ, ಬಾಯಿ ಕಟ್ಟೂದು ಯಾವತ್ತು? ನಮ್ಮ ಹುಡ್ಗ್ಯರು ಕೇಳ್ತೇ ಇದ್ರು" ಎಂದಳು.

"ಕಾಗದದಾಗೆ ಬುಧವಾರ ಅದೆ."

"ಬರೂ ಬುಧವಾರ್ವಾ?" ಸುಬ್ಬಿ ಬೆರಳು ಮಡಚುತ್ತ ಎಣಿಸಿದಳು. ಆಮೇಲೆ ಅವನ ಮುಖ ನೋಡಿದಳು. "ಹುಣ್ಣಿಮೆ ಅಲ್ದಾ ಅದು? ಎಂತ, ಚಾಷ್ಟಿ ಮಾಡ್ತಿಯಾ?"

"ಯಂತ್ರ ಹೇಳದ್ದು ಮಾರಾಯ್ತಿ."

"ಯಂತ್ರ ನೀರಿಗಿಳೀತದ್ಯಾ?"

ತಿಮ್ಮಪ್ಪ ಹಾಜರಿ ಪುಸ್ತಕದ ಪುಟ ತಿರುವಿದ.

"ನೀ ಹೇಳ್ದೆ ಅಂದ್ರೆ ನಾ ಬರ್ತೆ" ಎಂದಳು ಸುಬ್ಬಿ. ತಮಾಷೆಯ ದನಿ ಹೋಗಿತ್ತು. "ಹತ್ತು ವರ್ಷದಿಂದ ನೀ ಕರದಲ್ಲೆಲ್ಲ ಬಂದೆ. ಹುಡ್ಗ್ಯರೂ ಬರ್ತ್ರು. ಆದ್ರೆ ನಮ್ಮ ಲಕ್ಕಿ ಐದು ತಿಂಗಳ ಬಸ್ರಿ, ಅದ್ರ ಮಾತ್ರ ಮೇಲೆ ನಿಲ್ಸು. ಕೊಚ್ಕಂಡು ಹೋದ್ರೆ ಅದು ಈಜೂಕಾಗ."

ಅವಳು ಹೋದ ಮೇಲೆ ತಿಮ್ಮಪ್ಪ ಹಾಜರಿ ಪುಸ್ತಕದಲ್ಲಿ ಲಕ್ಕಿಯ ಹೆಸರಿನ ಸಾಲು ಹುಡುಕಿದ. ಬೇಡ ಎಂದು ಅವಳು ಜಗಳಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಶನಿವಾರ ಫಾರಮು ಕಳಿಸುವ ದಿನ. ಸಾಹೇಬರು ಸಹಿ ಹಾಕಲು ಪೆನ್ನು ತೆಗೆದಾಗ ತಿಮ್ಮಪ್ಪ ಹೇಳಿದ, "ಸಾಹೇಬ್ರೆ, ಬಾಯಿ ಕಟ್ಟೋದು ಬುಧವಾರ ಆಗೂದಿಲ್ಲ. ನವಮಿಗೆ ಇಡಬೇಕು. ಇಪ್ಪತ್ತೊಂದು, ಗುರುವಾರ."

ಸಾಹೇಬರು ಪೆನ್ನು ಹಿಡಿದುಕೊಂಡೇ ಅವನನ್ನು ನೋಡಿದರು. "ಪಂಚಾಂಗ ನೋಡಿ ಕಟ್ಟೆ ಕಟ್ಟೋದೇನ್ರೀ ತಿಮ್ಮಪ್ಪನವರೇ? ಬೇಕಾದ್ರೆ ಬುಧವಾರ ಒಂದು ತೆಂಗಿನಕಾಯಿ ಒಡೆಯೋಣ. ಒಳ್ಳೆ ದಿನ ಇಲ್ಲ ಅಂತ ನಾನು ಹುಬ್ಬಳ್ಳಿಗೆ ಬರೆದ್ರೆ ನನ್ನನ್ನ ಹುಚ್ಚ ಅಂತಾರೆ."

"ಒಳ್ಳೆ ದಿನ ಕೆಟ್ಟ ದಿನ ಅಲ್ಲ. ನೀರು. ಬನ್ನಿ, ಒಂದು ಘಳಿಗೆ ಬನ್ನಿ."

ಅವರನ್ನು ಬಾಯಿಯ ಹತ್ತಿರ ಕರೆದುಕೊಂಡು ಹೋದ. ಇಳಿತ ಶುರುವಾಗಿತ್ತು. ಬಿದ್ದಿದ್ದ ಒಂದು ತೆಂಗಿನ ಸಿಪ್ಪೆಯನ್ನು ಒಳಗಡೆಯ ನೀರಿಗೆ ಎಸೆದ. ಅದು ಮೆಲ್ಲಗೆ ತಿರುಗಿ, ಬಾಯಿಯ ಹತ್ತಿರ ಬಂದಾಗ ಚುರುಕಾಗಿ, ಹೊರಗೆ ಹೋಯಿತು.

"ಮೊನ್ನೆ ಗುರುವಾರ ಇದರ ಸಂಗಡ ನಡೀಬಹುದಿತ್ತು. ಇವತ್ತು ಬೇಗ ಬೇಗ ಹೆಜ್ಜೆ ಹಾಕ್ಬೇಕು. ನಾಳೆ ನಾಡದು ನೀವೇ ಬಂದು ಹಾಕಿ ನೋಡಿ. ಬುಧವಾರ ಓಡಿದ್ರೂ ಸಿಗೂದಿಲ್ಲ. ಬೆಳಿಗ್ಗೆ ಎಂಟಕ್ಕೆ ಕೆಲಸ ಶುರು ಹೇಳಿ ಕಾಗದದಾಗೆ ಅದೆ. ಬುಧವಾರ ಹನ್ನೊಂದರವರೆಗೆ ಭರತ ಏರ್ತದೆ. ಆಮೇಲೆ ಸಂಜೆ ಐದರವರೆಗೆ ಒಳಗಿನ ನೀರೆಲ್ಲ ಒಟ್ಟಿಗೆ ಹೊರಗೆ ಹೊರಡ್ತದೆ. ಅದ್ರ ಎದುರು ನಲವತ್ತು ಹೆಂಗಸರನ್ನ ನಿಲ್ಸಬೇಕು."

ಸಾಹೇಬರು ಹಿಂತಿರುಗಿ ಫಾರಮಿಗೆ ಇದ್ದ ಹಾಗೆಯೇ ಸಹಿ ಹಾಕಿದರು. ಆದರೆ ಭಾನುವಾರ ರಜೆಯಲ್ಲೂ ಅವರು ಒಬ್ಬರೇ ಬಂದು ಬಾಯಿಯ ಹತ್ತಿರ ನಿಂತು ಸಿಪ್ಪೆ ಎಸೆಯುತ್ತಿದ್ದುದನ್ನು ತಿಮ್ಮಪ್ಪ ಶೆಡ್ಡಿನಿಂದ ನೋಡಿದ. ಸೋಮವಾರ ಬೆಳಿಗ್ಗೆ ಅವರೇ ಬಂದು, "ಫಾರಮು ಬೇಡ, ಅದು ಮುಂದಿನ ವಾರದ ಮಾತು. ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಮಾಡಿ. ನೀವೇ ಮಾಡಿ, ನಂಗೆ ಅದನ್ನೆಲ್ಲ ಹೇಳಕ್ಕೆ ಬರಲ್ಲ. ನಾನು ಒಪ್ಪಿದೀನಿ ಅನ್ನಿ" ಎಂದರು.

ಹೊನ್ನಾವರ ಪೋಸ್ಟಾಫೀಸಿನ ಬೆಂಚಿನ ಮೇಲೆ ಎರಡು ಗಂಟೆ ಕುಳಿತ ಮೇಲೆ ಲೈನು ಸಿಕ್ಕಿತು. ಯಂತ್ರದ ಮುಂದೆ ಕೂರುವವಳು ಮಹಾಲಕ್ಷ್ಮೀ ಎಂಬ ಹುಡುಗಿ. ಕಾಗದದ ಮೂಲೆಯಲ್ಲಿ ಅವಳ ಸಣ್ಣ ಸಹಿ ಇರುತ್ತಿತ್ತು. ದನಿ ಕೇಳಿದ್ದು ಇದೇ ಮೊದಲು.

"ಜೋರಾಗಿ ಹೇಳ್ರೀ, ಕೇಳವಲ್ದು!"

ತಿಮ್ಮಪ್ಪ ಜೋರಾಗಿ ಹೇಳಿದ. ಸ್ಟ್ಯಾಂಪು ಕೊಳ್ಳಲು ನಿಂತವರೆಲ್ಲ ತಿರುಗಿ ನೋಡಿದರು.

"ಅಷ್ಟಮಿಗೆ ಇದರಾಗ ಜಾಗಾ ಇಲ್ರೀ. ತಾರೀಖು ಹೇಳ್ರಿ. ಒಂದು ಕೆಲಸಕ್ಕ ಇಂಥಾ ತಾರೀಖೇ ಆಗಬೇಕು ಅಂತ ಗಟ್ಟಿ ಮಾಡಿದ್ರ ಅದನ್ನ ಅದು ಅಲ್ಲಾಡಸೂದಿಲ್ಲ. ಉಳದದ್ದೆಲ್ಲ ಸರಿಸಿಕೋತದ."

"ಇಪ್ಪತ್ತೊಂದು, ಗುರುವಾರ."

"ತಡೀರಿ, ಹಾಕಿ ನೋಡ್ತೀನಿ. ಫೋನ್ ಇಡಬ್ಯಾಡ್ರಿ."

ತಂತಿಯಲ್ಲಿ ಕೀಲಿಗಳ ಟಕಟಕ ಕೇಳಿಸಿತು. ಆಮೇಲೆ ಏನೂ ಇಲ್ಲ. ಮೂರು ನಿಮಿಷ ಆಯಿತೆಂದು ನಡುವೆ ಎಕ್ಸ್‌ಚೇಂಜಿನವರ ದನಿ ಬಂತು. ತಿಮ್ಮಪ್ಪ ಇನ್ನೂ ಮೂರು ಬೇಕೆಂದ.

"ಹಾಂ, ಬಂತು ನೋಡ್ರಿ" ಎಂದಳು ಮಹಾಲಕ್ಷ್ಮೀ. "ದೋಣಿ ಇಪ್ಪತ್ತೆರಡರ ತನಕ ನಿಮ್ಮಲ್ಲೇ. ಕುಮಟಾದ ಕಲ್ಲು ಒಂದು ವಾರ ಮುಂದ ಹೋತು, ಅಡ್ಡಿ ಇಲ್ಲ, ಮಳಿಗಿಂತ ಮೊದಲ ಮುಗೀತದ. ಪಂಪು ಸರಿ ಅದ. ಆಮ್ಯಾಲೆ ಇಲ್ಲೊಂದು ಹೆಸರು ಸರದೈತಿ. ತಿಮ್ಮಪ್ಪ ಅಂತ, ಹಾಜರಿಯವರು. ಅವರು ಹದಿನೆಂಟಕ್ಕ ಭಟ್ಕಳಕ್ಕ ಹೋಗೋರಿದ್ರು. ಈಗ ಅವರು ಹೊನ್ನಾವರದಾಗ ಉಳೀತಾರ, ಭಟ್ಕಳಕ್ಕ ಕುಮಟಾದ ದೇವು ಅನ್ನೋರು ಹೋಗ್ತಾರ. ಯಾಕಂದ್ರ ಆ ವಾರ ಅವರು ಖಾಲಿ ಆದ್ರು."

"ಅದು, ಆಮೇಲೆ ಬದಲು ಮಾಡೂಕೆ ಆಗೂದಿಲ್ವಾ? ಒಂದು ವಾರ ಕಳ್ದ ಮೇಲೆ?"

"ಒಬ್ರು ಒಂದು ಕಡೆ ಕೂತ್ರ ಆ ಕೆಲಸ ಮುಗಿಯೂತನಕ ಎಬ್ಬಸಬಾರದು ಅಂತ ಇಲ್ಲಿನ ಸಾಹೇಬ್ರ ಹುಕುಂ ಅದ್ರೀ. ಹಾಂಗ ಎಬ್ಬಿಸಿ ಎಬ್ಬಿಸಿನ ಮೊದಲ ಗೊಂದಲ ಆಗಿತ್ತಂತ. ಎರಡು ವರ್ಷ ದೇವುನ ಅಲ್ಲಿ. ಯಾರ್ರೀ ಈ ತಿಮ್ಮಪ್ಪ? ನಿಮ್ಮ ಕಡೆಯವರೇನು?"

"ನಾನೇ."

"ಅಯ್ಯ" ಎಂದಳು ಹುಡುಗಿ, ಕೂಗು ಇಳಿಸಿ. "ಹಾಂಗಾದ್ರ ಹ್ಯಾಂಗ ಮಾಡ್ಲಿ? ಇನ್ನೂ ಗಟ್ಟಿ ಮಾಡಿಲ್ರೀ, ಬರೇ ಹಾಕಿ ನೋಡೀನಿ. ಬ್ಯಾಡಂದ್ರ ಮೊದಲಿನಂಗ ಬಿಡ್ತೀನಿ. ಹದಿಮೂರಕ್ಕ ಆಗೋದ ಇಲ್ಲೇನು ಆ ಕೆಲಸ? ಹೆಂಗರ ಮಾಡಿ?"

ಹೇಗಾದರೂ ಮಾಡಿ. ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವನು ಎಷ್ಟು ಜನರಿಂದ ಕೇಳಿದ್ದ. ಆದರೆ ಅವರೆಲ್ಲ ಮೇಜಿನ ಆಚೆ ಕುಳಿತು ಗದರಿಸಿ ಹೇಳುವವರು. ಈ ಹುಡುಗಿ ಪಾಪ, ಅವನ ಮೇಲಿನ ಮರುಕದಿಂದ ಹೇಳಿದಳು. ಬೆಂಚಿನ ಮೇಲೆ ಕುಳಿತಿದ್ದ ಎರಡು ಗಂಟೆ ಅವನು ಇದಕ್ಕೇ ಹೆದರಿಕೊಂಡಿದ್ದ: ಬೇಡ ಎನ್ನಲು ಯಾರಾದರೂ ತನಗೆ ಒಂದು ದಾರಿ ತೋರಿಸಿಬಿಟ್ಟರೆ ಎಂದು. ಮಾದೇವಿಯ ಮುಖ ಕಣ್ಣೆದುರು ಬಂತು. ಬಸುರಿ ಲಕ್ಕಿಯ ಮುಖ ಹೇಗಿದೆ ಎಂದು ಅವನಿಗೆ ನೆನಪೇ ಆಗಲಿಲ್ಲ. ನಲವತ್ತು ಹೆಂಗಸರಲ್ಲಿ ಅವಳೊಬ್ಬಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಸಾಲು ಮಾತ್ರ ನೆನಪಿತ್ತು.

"ಆರು ನಿಮಿಷ" ಎಂದಿತು ನಡುವಿನ ದನಿ.

"ಗಟ್ಟಿ ಮಾಡಿ ತಂಗಿ" ಎಂದ ತಿಮ್ಮಪ್ಪ.

ಹುಣ್ಣಿಮೆಯ ದಿನ ಮಧ್ಯಾಹ್ನ ಮೂರಕ್ಕೆ ಸಾಹೇಬರೂ ತಿಮ್ಮಪ್ಪನೂ ಕಟ್ಟೆಯ ತುದಿಯಲ್ಲಿ ನಿಂತು ನೋಡಿದರು. ಬಾಯಿಯೊಳಗಿಂದ ನೀರು ಕೆಂಪಗೆ, ಮಡಿಕೆ ಮಡಿಕೆಯಾಗಿ ಹೊರಗೆ ಧುಮುಕುತ್ತಿತ್ತು. ದಂಡೆಯಲ್ಲಿ ಹುಗಿದಿದ್ದ ಒಂದು ಬಿದಿರನ್ನು ಅವರ ಕಣ್ಣೆದುರೇ ಕಿತ್ತುಕೊಂಡು ಹೋಯಿತು. ಸಾಹೇಬರು ಕೈಕಟ್ಟಿ ನಿಂತಿದ್ದರು. "ಇವತ್ತೇ ಇತ್ತಲ್ಲ" ಎಂದರು, ಇಷ್ಟೇ. ಹುಬ್ಬಳ್ಳಿಯಿಂದ ಅವರಿಗೆ ಒಂದು ಖಾರದ ಪತ್ರ ಬಂದಿತ್ತು. ಅದನ್ನು ಅವರು ತಿಮ್ಮಪ್ಪನಿಗೆ ತೋರಿಸಲಿಲ್ಲ. ಮೇಜು ಒರೆಸುವಾಗ ಅವನೇ ಓದಿದ್ದ.

ಮುಂದಿನ ವಾರ, ಇಪ್ಪತ್ತೊಂದರ ಗುರುವಾರ, ನವಮಿ. ಬೆಳಿಗ್ಗೆ ಏಳಕ್ಕೇ ಜನ ಸೇರಿದರು. ಎರಡು ಸಾಲು ಬಿದಿರು ತಟ್ಟಿ ನಿಲ್ಲಿಸಿ ಆಗಿತ್ತು. ಎಂಟರ ಹೊತ್ತಿಗೆ ದೋಣಿಗಳು ಬಾಯಿಯ ಎರಡೂ ಬದಿಗೆ ಕಟ್ಟಿಕೊಂಡವು. ಸುಬ್ಬಿ ಸೀರೆಯನ್ನು ಮಂಡಿಯ ಮೇಲೆ ಬಿಗಿದು ಮೊದಲು ಇಳಿದಳು. ಅವಳ ಹಿಂದೆ ಸಾಲಾಗಿ ಉಳಿದವರು. ತಿಮ್ಮಪ್ಪ ಲಕ್ಕಿಯನ್ನು ಕರೆದು ದಂಡೆಯ ಮೇಲೆ ಚೀಲದ ಬಾಯಿ ಹೊಲಿಯಲು ಕೂರಿಸಿದ. ಗುಂಡು ಮುಖದ, ಮುಂಗೋಪದ ಹುಡುಗಿ. "ನಾ ಎಂತ ಮುದ್ಕಿಯಾ?" ಎಂದು ಅವನನ್ನೇ ಬೈದಳು.

ಕೈಯಿಂದ ಕೈಗೆ ಚೀಲ ಸಾಗಿತು. ಹತ್ತಕ್ಕೆ ನೀರು ಸೊಂಟದಿಂದ ತೊಡೆಗೆ ಇಳಿಯಿತು. ಹನ್ನೊಂದರ ಸುಮಾರಿಗೆ, ಎಲೆ ಅಡಿಕೆ ಮಡಚಿ ಒಂದು ಕವಳ ಹಾಕುವಷ್ಟು ಹೊತ್ತು, ನೀರು ಯಾವ ಕಡೆಗೂ ಹೋಗದೆ ನಿಂತಿತು. "ಈಗ! ಈಗ! ಕೈ ಆಡ್ಸ್ರೇ, ಗಂಡನ ಮನೆ ನೆನಪು ಆಮೇಲೆ ಮಾಡ್ಕಣಿ!" ಎಂದು ಸುಬ್ಬಿ ಕೂಗಿದಳು. ದೋಣಿಯಿಂದ ಕಲ್ಲು ಬಿತ್ತು, ಮೇಲೆ ಚೀಲ ಬಿತ್ತು, ಮೇಲೆ ಜೇಡಿಮಣ್ಣು ಬಿತ್ತು. ಸಾಹೇಬರು ಪ್ಯಾಂಟು ಮಡಚಿ ತಾವೂ ಸಾಲಿನಲ್ಲಿ ನಿಂತು ಚೀಲ ಸಾಗಿಸುತ್ತಿದ್ದರು, ಎರಡು ಸಲ ಜಾರಿ ಬಿದ್ದು ನಗಿಸಿದರು. ಎರಡು ಗಂಟೆಗೆ ಭರತ ತಿರುಗಿ ಬಂತು. ಬಂದ ನೀರು ಚೀಲಗಳ ಮೈಗೆ ತಾಗಿ, ಹೊರಗೇ ನಿಂತು, ಮೆಲ್ಲಗೆ ಏರಿತು. ಒಳಗಡೆ ಕೆಸರು ಹಾಗೆಯೇ ಇತ್ತು.

ಯಾರೂ ಜೈಕಾರ ಹಾಕಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು. ಹೆಂಗಸರು ಕಾಲು ಚಾಚಿ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಅವಲಕ್ಕಿ ತಿಂದರು.

"ಭಟ್ಕಳದ ವಿಷಯ ನಾನು ಹುಬ್ಬಳ್ಳಿಗೆ ಬರೀತೀನಿ" ಎಂದರು ಸಾಹೇಬರು, ಅವನ ಪಕ್ಕ ಬಂದು ಕುಳಿತು. ಅವರಿಗೆ ಯಾರು ಹೇಳಿದರೋ.

"ಬೇಡ ಸಾಹೇಬ್ರೆ. ದೇವು ಸೋಮವಾರವೇ ಹೋಗಿ ಕೂತಾಯ್ತು. ಅವನು ಬಂದರದ ಹತ್ರ ಮನೆ ಬಾಡಿಗೆ ಹಿಡಿದು ಹೆಂಡತಿ ಮಕ್ಕಳನ್ನ ಕರಕಂಡು ಹೋದ. ಈಗ ಎಬ್ಬಿಸಿದ್ರೆ ಅವನೆಲ್ಲಿ ಹೋಗ್ಬೇಕು?"

ಶನಿವಾರದ ಫಾರಮಿನಲ್ಲಿ ತಿಮ್ಮಪ್ಪ ಬಾಯಿ ಕಟ್ಟುವ ಕೆಲಸದ ಎದುರು 'ಮುಗಿದಿದೆ' ಎಂದು ಬರೆದ. ಕುಮಟಾದ ಕೆಲಸಗಳ ಎದುರಿಗೂ, ಯಾರೂ ಕೇಳದಿದ್ದರೂ, ಅಂಚಿನಲ್ಲಿ ಪೆನ್ಸಿಲಿನಿಂದ ತಿಥಿಗಳನ್ನು ಬರೆದು ಕಳಿಸಿದ.

ಭಾನುವಾರ ಅವನು ಮುಟ್ಟಳ್ಳಿಗೆ ಹೋದಾಗ ಬೆಳಗಿನ ಹತ್ತು ಗಂಟೆಯಾಗಿತ್ತು. ಜಗಲಿಯ ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಸೈಕಲ್ಲು ನಿಲ್ಲಿಸಲು ಮಾಡಿನ ಕೆಳಗೆ ಕಲ್ಲು ಹಾಸಿ ಜಾಗ ಮಾಡಿತ್ತು. ಮಾದೇವಿ ನೀರಿನ ತಂಬಿಗೆ ತಂದಿಟ್ಟು, "ಸೋಮವಾರ ಬರ್ತ್ರಿ ಅಂದ್ಕಂಡೆ. ಬರಲಿಲ್ಲ. ಈ ಸೋಮವಾರ ಹೌದಾ?" ಎಂದಳು.

ಅವನು ಕಾಲು ತೊಳೆದು, ಜಗಲಿಯಲ್ಲಿ ಕುಳಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಫಾರಮಿನಲ್ಲಿ ತಾನೇ ಬರೆಯದೆ ಬಿಟ್ಟದ್ದು, ಐದು ದಿನ ಸುಮ್ಮನಿದ್ದದ್ದು, ಫೋನಿನಲ್ಲಿ ಹುಡುಗಿ ಕೇಳಿದ್ದು. ಮಾದೇವಿ ಕಂಬಕ್ಕೆ ಒರಗಿ ನಿಂತು ಕೇಳಿದಳು.

"ಹಾಗಾರೆ ಎರಡು ವರ್ಷ ಅಲ್ಲೇ."

"ಹೌದು. ಮಳೆಗಾಲ ಕಟ್ಟೆ ಕಾಯಬೇಕು. ಆಮೇಲೆ ಕುಮಟಾವೋ ಎಂತದೋ."

"ಬಾಯಿ ನಿಂತದ್ಯಾ?"

"ನಿಂತದೆ."

"ಅಷ್ಟಾದ್ರೂ ಆತಲ್ಲ" ಎಂದು ಅವಳು ಒಳಗೆ ಹೋದಳು. ಒಳಗಿನಿಂದ ಪಾತ್ರೆಯ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. ತಿಮ್ಮಪ್ಪ ಹೊಸ ಸುಣ್ಣದ ಗೋಡೆಗೆ ಬೆನ್ನು ತಾಗದ ಹಾಗೆ ಕುಳಿತಿದ್ದ. ಬಹಳ ಹೊತ್ತಿನ ಮೇಲೆ ಅವಳು ಗಂಜಿ, ಒಣಮೀನಿನ ಚಟ್ನಿ ತಂದಿಟ್ಟಳು. ಕಣ್ಣು ಕೆಂಪಗಿತ್ತು, ಒಲೆಯ ಹೊಗೆ ಎಂದು ಇಬ್ಬರೂ ಬಿಟ್ಟರು.

ಅವನು ಎರಡು ತುತ್ತು ಉಂಡ ಮೇಲೆ ಕೇಳಿದಳು, "ನಿಮ್ಮ ಶೆಡ್ಡಿನ ಹತ್ರ ಬಾವಿ ಸಿಹಿ ನೀರಿಂದಾ, ಉಪ್ಪಾ?"

"ಸ್ವಲ್ಪ ಉಪ್ಪು. ಕುಡಿಯೂಕೆ ಸುಬ್ಬಿ ಮನೆಯಿಂದ ತರ್ತೆ."

"ಒಲೆ ಹಾಕೂಕೆ ಜಾಗ ಅದ್ಯಾ?"

"ಒಂದು ಸ್ಟೋವು ಅದೆ. ಯಾಕೆ?"

"ಸ್ಟೋವಾಗೆ ಎಂತ ಬೇಯ್ತದೆ, ಮಣ್ಣು" ಎಂದಳು ಮಾದೇವಿ. "ತೆಂಗಿನ ಮರ ಕಾಯೂಕೆ ಪಕ್ಕದ ಮನೆ ಹೊನ್ನಮ್ಮನ ಹತ್ರ ಹೇಳ್ತೆ. ಅವಳಿಗೆ ಹತ್ತು ಕಾಯಿ ಹೆಚ್ಚು ಕೊಟ್ರೆ ಮುಗೀತು."

ತಿಮ್ಮಪ್ಪ ತುತ್ತು ಹಿಡಿದುಕೊಂಡೇ ತಲೆ ಎತ್ತಿದ. "ಅಲ್ಲಿ ನೀ ಇರೂಕಾಗ. ಮಳೆಯಾಗೆ ತಗಡು ಸೋರ್ತದೆ. ಕಂಪನಿ ಶೆಡ್ಡು ಅದು, ಯಾರ್ಯಾರು ಇರಬೇಕು ಹೇಳಿ ಅದಕ್ಕೂ ಒಂದು ಕಾಗದ ಅದೆ."

"ಆ ಕಾಗದದಾಗೆ ನನ್ನ ಹೆಸರು ಅದ್ಯಾ?"

"ಇಲ್ಲ."

"ಮತ್ತೆ ನನ್ನ ಅಲ್ಲಿಗೆ ಇಲ್ಲಿಗೆ ಸರ್ಸೂಕೆ ಅದ್ಕೆ ಗೊತ್ತಾಗೂದು ಹೇಗೆ?" ಎಂದು ಅವಳು ಗಂಜಿ ಬಡಿಸಿದಳು. "ಒಂದು ತಿಂಗಳು ಇರ್ತೆ. ನೀರು ಒಗ್ಗದಿದ್ರೆ ವಾಪಸು ಬರ್ತೆ, ಆಮೇಲೆ ಕರೀಬೇಡಿ. ಮಧ್ಯಾಹ್ನದ ಬಸ್ಸು ಎಷ್ಟೊತ್ತಿಗೆ?"

"ಮೂರೂವರೆಗೆ."

"ಇವತ್ತೇ ಅಲ್ಲ ಮತ್ತೆ. ಬರೂ ವಾರ. ಪಾತ್ರೆ ಕಟ್ಟೂಕೆ ನಂಗೂ ದಿನ ಬೇಕು" ಎಂದಳು.

ಅವನು ಊಟ ಮುಗಿಸಿ ಕೈ ತೊಳೆದ. ಮೂರೂವರೆಗೆ ಇನ್ನೂ ನಾಲ್ಕು ಗಂಟೆಯಿತ್ತು. ಜಗಲಿಯಲ್ಲಿ ಚಾಪೆ ಹಾಸಿ, ಮೂರಕ್ಕೆ ಎಬ್ಬಿಸು ಎಂದು ಹೇಳಿ ಮಲಗಿದ. ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ನೋಡುವ ಮೊದಲೇ ನಿದ್ದೆ ಹತ್ತಿತು.